ಬೀಗಿತ್ತಿಯನ್ನು ಮಾತಾಡಿಸಲು ಅಮ್ಮ ಹೊರಟದ್ದು

ನಮ್ಮಮ್ಮನಿಗೆ ಬೇಡ ಎಂದು ಹೇಳಿ ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಮೇಲ್ವಿಚಾರಕಿಯಾಗಿ ನಿವೃತ್ತಳಾದ ಹೆಂಗಸು ಅವಳು. ವಾರ್ಡಿನ ಬಿಳಿ ಹೊದಿಕೆ, ಆಪರೇಷನ್ ಥಿಯೇಟರಿನ ಹಸಿರು ಗೌನು, ಎಲ್ಲವೂ ಅವಳ ಕಣ್ಣು ದಾಟಿಯೇ ಹೋಗಬೇಕಿತ್ತು. ಕಲೆ ಉಳಿದ ಒಂದು ದಿಂಬಿನ ಚೀಲ ಸಿಕ್ಕರೆ ಸಾಕು, ಅಷ್ಟೂ ಯಂತ್ರಗಳ ಸದ್ದನ್ನು ಮೀರಿಸಿ ಕೂಗುತ್ತಿದ್ದಳು. ಗೌನಿನ ಮೇಲೆ ಕಾಫಿ ಚೆಲ್ಲಿಕೊಂಡ ಸರ್ಜನ್ನೊಬ್ಬರು ಅದನ್ನು ಅವಳಿಗೆ ತೋರಿಸುವ ಧೈರ್ಯವಿಲ್ಲದೆ ಮನೆಗೆ ಒಯ್ದು ಒಗೆಸಿದ್ದರಂತೆ. ಅವಳು ನಿವೃತ್ತಳಾದ ದಿನ ಬೀಳ್ಕೊಟ್ಟವರ ಮುಖದಲ್ಲಿ ದುಃಖಕ್ಕಿಂತ ನಿರಾಳವೇ ಹೆಚ್ಚು ಕಂಡಿತು ಎಂದು ನಾನು ಹೇಳಿದರೆ ಅವಳು ಇವತ್ತಿಗೂ ಮುಖ ಊದಿಸುತ್ತಾಳೆ.

ಇಂಥವಳು ಒಂದು ಬೆಳಿಗ್ಗೆ ತಿಂಡಿಯ ತಟ್ಟೆ ಮುಂದೆ ಕೂತು, “ನಾನು ಚೈನೀಸ್ ಕಲೀತೀನಿ” ಎಂದಳು. ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಶಾಲೆಯೊಂದರಲ್ಲಿ ಚಿತ್ರಕಲೆ ಟೀಚರು ನಾನು. ಅವತ್ತು ಮಕ್ಕಳಿಗೆ ಬಣ್ಣ ಹಂಚುವ ದಿನ. “ಸರಿ, ಕಲಿ” ಎಂದುಬಿಟ್ಟೆ. ಆ ಎರಡು ಪದಕ್ಕೆ ನನ್ನ ಇಡೀ ಬೇಸಿಗೆ ರಜೆ ದಂಡ ಹೋಯಿತು.

ಚೈನೀಸೇ ಏಕೆ ಎಂಬುದಕ್ಕೆ ಹಿನ್ನೆಲೆ ಇದೆ. ನನ್ನ ತಮ್ಮ ಲಿಫ್ಟ್ ಕೂರಿಸುವ ಕಂಪನಿಯಲ್ಲಿ ಎಂಜಿನಿಯರ್. ಅದೇ ಕಂಪನಿಯಲ್ಲಿದ್ದ ಚೈನೀಸ್ ಹುಡುಗಿಯನ್ನು ಮದುವೆಯಾದ. ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡು, ಇಂಗ್ಲಿಷಿನಲ್ಲೇ ಜಗಳವಾಡಿಕೊಂಡು ಸುಖವಾಗಿದ್ದಾರೆ. ಇವತ್ತು ಒಂದು ದೇಶ, ಆರು ತಿಂಗಳಿಗೆ ಇನ್ನೊಂದು. ಎಲ್ಲಿ ಎತ್ತರದ ಕಟ್ಟಡ ಏಳುತ್ತದೋ ಅಲ್ಲಿ ಇವರ ಸಂಸಾರ. ಹಾಗಾಗಿ ಹುಟ್ಟಿದ ಮಗಳನ್ನು ಕೈಗೂಸಾಗಿದ್ದಾಗಲೇ ಹೆಂಡತಿಯ ತಾಯಿಯ ಮನೆಯಲ್ಲಿ ಬಿಟ್ಟರು. ಆ ತಾಯಿ, ಅಂದರೆ ನಮ್ಮಮ್ಮನ ಬೀಗಿತ್ತಿ, ಒಬ್ಬಳೇ ಮಗುವನ್ನು ಸಾಕುತ್ತಿದ್ದಳು. ಪುಟ್ಟಿಗೆ ಆಗ ಐದು ತುಂಬಿತ್ತು. ವಿಡಿಯೋ ಕಾಲಿನಲ್ಲಿ ಅಮ್ಮ “ಪುಟ್ಟೀ, ನನ್ ಬಂಗಾರೀ” ಎಂದು ಕರೆದರೆ ಅದು ಒಂದು ಕ್ಷಣ ಪಿಳಿಪಿಳಿ ಕಣ್ಣು ಬಿಟ್ಟು, ಆಮೇಲೆ ಎದ್ದು ಓಡಿಹೋಗುತ್ತಿತ್ತು. ಪರದೆಯ ಮೇಲೆ ಖಾಲಿ ಸೋಫಾ ಮಾತ್ರ ಉಳಿಯುತ್ತಿತ್ತು.

“ನಿಮ್ಮಿಬ್ರನ್ನ ಬೆಳೆಸಿದ್ದು ನಿಮ್ಮಜ್ಜಿ” ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಾಳೆ. “ನಾನು ಊರಿನೋರ ಹೊದಿಕೆ ಒಗೀತಾ ಕೂತೆ. ನೀನು ಮೊದ್ಲು ಹೆಜ್ಜೆ ಇಟ್ಟಿದ್ದು ನಾನು ನೋಡ್ಲಿಲ್ಲ. ಈಗ ನಂಗೆ ಪುರುಸೊತ್ತಿದೆ, ಮಗು ಮಾತ್ರ ನನ್ನ ಹತ್ರ ಇಲ್ಲ.” ಅವಳಿಗೆ ಬೇಕಿದ್ದದ್ದು ಇಷ್ಟೇ: ಪುಟ್ಟಿ ಬಂದು ತನ್ನ ಹತ್ತಿರ ಇರಬೇಕು, ನಮ್ಮನೆಯಿಂದ ಶಾಲೆಗೆ ಹೋಗಬೇಕು, ತಾನು ಜಡೆ ಹಾಕಿ ಕಳಿಸಬೇಕು. ಇದನ್ನು ಹೋದ ವರ್ಷವೇ ಸೊಸೆಗೆ ಹೇಳಿದ್ದಳು. “ನಿಮ್ಮಮ್ಮನ್ನ ಕೇಳಿ ಹೇಳು” ಎಂದಿದ್ದಳು. ಸೊಸೆ “ಕೇಳ್ತೀನಿ ಅತ್ತೆ” ಎಂದು ತನಗೆ ಬರುವ ನಾಲ್ಕು ಕನ್ನಡ ಮಾತಿನಲ್ಲಿ ಒಂದನ್ನು ಹೇಳಿದಳು. ಆಮೇಲೆ ಸುದ್ದಿಯೇ ಇಲ್ಲ. ತಮ್ಮನನ್ನು ಕೇಳಿದರೆ “ನೋಡೋಣಮ್ಮ, ನೋಡೋಣ” ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಸೊಸೆ ತನ್ನ ತಾಯಿಗೆ ವಿಷಯ ಮುಟ್ಟಿಸಿಯೇ ಇಲ್ಲ ಎಂದು ಅಮ್ಮ ತೀರ್ಮಾನ ಮಾಡಿಬಿಟ್ಟಳು. “ಮಧ್ಯದಲ್ಲಿ ಜನ ಇದ್ರೆ ಮಾತು ಕೆಟ್ಟೋಗುತ್ತೆ ಕಣೇ. ನಾನೇ ಹೋಗ್ತೀನಿ. ಹೆಂಗಸಿಗೆ ಹೆಂಗಸು, ಎದುರುಬದುರು ಕೂತು, ಅವಳ ಭಾಷೇಲೇ ಕೇಳ್ತೀನಿ. ಆಗ ಹೇಗೆ ಇಲ್ಲ ಅಂತಾಳೋ ನೋಡ್ತೀನಿ.”

ಸೊಸೆಯ ದೇಶದ ಕಾಲೇಜೊಂದು ಹೊರಗಿನವರಿಗಾಗಿ ಬೇಸಿಗೆಯಲ್ಲಿ ಭಾಷೆ ಮತ್ತು ಸಂಸ್ಕೃತಿಯ ಶಿಬಿರ ನಡೆಸುತ್ತದೆ ಎಂದು ಯಾರೋ ಅವಳ ಕಿವಿಗೆ ಹಾಕಿದ್ದರು. ಅಲ್ಲೇ ಹಾಸ್ಟೆಲು, ಅಲ್ಲೇ ಊಟ, ಬೆಳಿಗ್ಗೆಯಿಂದ ಸಂಜೆಯವರೆಗೆ ಪಾಠ. ಹದಿನೆಂಟು ದಾಟಿದ ಯಾರು ಬೇಕಾದರೂ ಸೇರಬಹುದು. “ನಂಗೆ ಹದಿನೆಂಟು ದಾಟಿ ಬಹಳ ದಿನ ಆಯ್ತು, ತೊಂದ್ರೆ ಇಲ್ಲ” ಎಂದಳು. ಜೊತೆಗೆ ಯಾರು ಎಂಬ ಪ್ರಶ್ನೆ ಬಂದಾಗ ನನ್ನ ಕಡೆ ತಿರುಗಿ, “ನಿಂಗೆ ಹೇಗೂ ರಜ. ಮನೇಲಿ ಕೂತು ಏನ್ ಕಡಿದು ಕಟ್ಟೆ ಹಾಕ್ತೀಯ?” ಎಂದಳು. ನನಗೂ ನಲವತ್ತಾಗಿದೆ, ನನಗೂ ನನ್ನದೇ ಆದ ಯೋಜನೆಗಳಿರುತ್ತವೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಸೊಸೆಗೆ ಮಾತ್ರ ಇದ್ಯಾವುದೂ ಗೊತ್ತಾಗಕೂಡದು ಎಂದು ಕಟ್ಟಪ್ಪಣೆಯಾಯಿತು. ಅತ್ತೆ, ಮಗಳು ಬೇಸಿಗೆಯಲ್ಲಿ ಆ ಕಡೆ ಸುತ್ತಾಡಲು ಬರುತ್ತಿದ್ದಾರೆ, ವಾಪಸು ಹೊರಡುವ ಮುಂಚೆ ಪುಟ್ಟಿಯನ್ನು ನೋಡಿಕೊಂಡು ಹೋಗುತ್ತಾರೆ; ಅಷ್ಟು ಹೇಳಿದರೆ ಸಾಕು. ನಾನು ಅನುಮಾನ ತೀರಿಸಿಕೊಳ್ಳಲು ತಮ್ಮನಿಗೆ ಫೋನು ಮಾಡಿ, “ಅಲ್ವೋ, ನಿಮ್ಮತ್ತೆ ಮಾತಾಡೋದು ಚೈನೀಸೇ ತಾನೆ?” ಎಂದು ಕೇಳಿದೆ. “ಇನ್ನೇನು ಫ್ರೆಂಚಾ? ಒಳ್ಳೆ ಕತೆ ಆಯ್ತು ನಿಂದು!” ಎಂದು ನಕ್ಕ. ಎಂಜಿನಿಯರ್ ಹೇಳಿದ ಮೇಲೆ ಮುಗಿಯಿತು ಎಂದು ನಾನೂ ಸುಮ್ಮನಾದೆ.

ಶಿಬಿರದ ಮೊದಲ ದಿನ ನಮ್ಮನ್ನೆಲ್ಲ ಒಂದು ಹಾಲಿನಲ್ಲಿ ನಿಲ್ಲಿಸಿ ಕೈ ಎತ್ತಿಸಿ ಪ್ರಮಾಣ ಮಾಡಿಸಿದರು. ಇವತ್ತಿನಿಂದ ಕೋರ್ಸು ಮುಗಿಯುವವರೆಗೆ ಚೈನೀಸ್ ಬಿಟ್ಟು ಬೇರೆ ಭಾಷೆ ಆಡುವಂತಿಲ್ಲ. ತರಗತಿಯಲ್ಲಿ, ಊಟದ ಹಾಲಿನಲ್ಲಿ, ಹಾಸ್ಟೆಲಿನಲ್ಲಿ, ಎಲ್ಲೂ. ಬೇರೆ ಭಾಷೆ ಬಾಯಲ್ಲಿ ಬಂದರೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ನಿಂತು ಆ ದಿನದ ಪಾಠವನ್ನು ಗಟ್ಟಿಯಾಗಿ ಒಪ್ಪಿಸಬೇಕು. ಆಡಿದವರಿಗೂ ಅದೇ ಶಿಕ್ಷೆ, ಉತ್ತರ ಕೊಟ್ಟವರಿಗೂ ಅದೇ. ಅಮ್ಮ ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿ ಪ್ರಮಾಣ ಮಾಡಿದಳು. ಆಮೇಲೆ ಕೈ ಇಳಿಸುತ್ತ ನನ್ನ ಕಡೆ ವಾಲಿ, “ಇವ್ರು ಏನಂದ್ರೇ?” ಎಂದು ಪಿಸುಗುಟ್ಟಿದಳು.

ಅಮ್ಮನ ಪಿಸುಮಾತು ಲಾಂಡ್ರಿಯಲ್ಲಿ ತಯಾರಾದದ್ದು. ಹಾಲಿನ ಆ ತುದಿಯವರೂ ತಿರುಗಿ ನೋಡಿದರು. ನಾನು “ಶ್, ಸುಮ್ನಿರಮ್ಮ” ಎಂದೆ. ಅದೂ ಕನ್ನಡವೇ ಆದ್ದರಿಂದ ಮೊದಲ ದಿನವೇ ತಾಯಿ ಮಗಳು ಇಬ್ಬರೂ ಊಟದ ಹಾಲಿನಲ್ಲಿ ಎದ್ದು ನಿಂತೆವು. ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಅಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, ತಪ್ಪೋ ಒಪ್ಪೋ, ಪಾಠವನ್ನು ಕೊನೆಯವರೆಗೂ ಕೂಗಿ ಒಪ್ಪಿಸಿ, ಚಪ್ಪಾಳೆ ಬೀಳುವವರೆಗೆ ನಿಂತೇ ಇದ್ದಳು. ಶಿಕ್ಷೆ ಎಂಬುದು ಅವಳಿಗೆ ಅಭ್ಯಾಸದ ಅವಕಾಶವಾಗಿ ಕಂಡಿತು. ಮಾರನೆಯ ದಿನದಿಂದ ಬೇಕೆಂದೇ ಕನ್ನಡ ಆಡಿ ಸಿಕ್ಕಿಬೀಳತೊಡಗಿದಳು. “ಲೇ, ಸೋಪು ಎಲ್ಲಿಟ್ಟೆ?” ಎಂದು ಕಾರಿಡಾರಿನ ತುದಿಯಿಂದ ಕೂಗುವಳು. ನಾನು ಉತ್ತರ ಕೊಟ್ಟರೆ ಶಿಕ್ಷೆ, ಕೊಡದಿದ್ದರೆ ಮನೆಯವರೆಗೂ ಮುಗಿಯದ ಮುನಿಸು. ಬಾಯಿಗೆ ಬೀಗ ಹಾಕಿಕೊಂಡು ಸೋಪನ್ನೇ ಎತ್ತಿ ತೋರಿಸುತ್ತಿದ್ದೆ.

ನಮ್ಮ ತರಗತಿಯ ಟೀಚರು ಸಣ್ಣ ವಯಸ್ಸಿನ ಹುಡುಗಿ. ಸಣಕಲು ಮೈ, ನೆಟ್ಟಗಿನ ಬೆನ್ನು. ಅಮ್ಮ ಅವಳಿಗೆ ಕಡ್ಡಿ ಎಂದು ಹೆಸರಿಟ್ಟಳು. ಕಡ್ಡಿ ಒಂದೇ ಸದ್ದನ್ನು ಏರಿಸಿ, ಇಳಿಸಿ, ಬಾಗಿಸಿ, ನೇರಮಾಡಿ ಹೇಳಿಸುವಳು. ನಮ್ಮ ಜೊತೆಯಲ್ಲಿದ್ದ ಟೈಲ್ಸ್ ವ್ಯಾಪಾರಿಯೊಬ್ಬ, ಬೆಲೆ ಕೇಳುವುದು ಮತ್ತು ಬೆಲೆ ಇಳಿಸುವುದು, ಇವೆರಡು ಬಂದರೆ ಸಾಕೆಂದು ಮಿಕ್ಕ ಪಾಠದಲ್ಲೆಲ್ಲ ತೂಕಡಿಸುತ್ತಿದ್ದ. ಅಮ್ಮ ಅವನ ಬೆನ್ನಿಗೆ ಪುಸ್ತಕದಿಂದ ತಿವಿದು ಎಬ್ಬಿಸುವಳು. ಪಾಠದ ಮಧ್ಯೆ ಎದ್ದು ಹೋಗಿ, ತೊಟ್ಟಿಕ್ಕುತ್ತಿದ್ದ ಏಸಿಯ ಕೆಳಗಿನ ಬಕೆಟ್ಟು ತುಂಬಿದೆಯೋ ನೋಡಿ ಬರುವಳು. ಕಡ್ಡಿ ಪಾಪ, ಕೈ ಚೆಲ್ಲಿ ನಿಲ್ಲುತ್ತಿದ್ದಳು.

ಹಾಸ್ಟೆಲಿನ ಹಾಸಿಗೆಯ ಹೊದಿಕೆ ನೋಡಿ ಅಮ್ಮನಿಗೆ ಮೈ ಉರಿಯಿತು. ಎಳೆದು, ಬೆಳಕಿಗೆ ಹಿಡಿದು, ಮೂಸಿ ನೋಡಿ, ಸೋಡಾ ಜಾಸ್ತಿ, ಜಾಲಿಸಿದ್ದು ಕಮ್ಮಿ ಎಂದು ತೀರ್ಪು ಕೊಟ್ಟಳು. ಅಷ್ಟಕ್ಕೇ ಬಿಡದೆ ನೆಲಮಾಳಿಗೆಯ ಲಾಂಡ್ರಿಗೆ ಇಳಿದು ಅಲ್ಲಿನ ಹೆಂಗಸರಿಗೆ ಕೈಸನ್ನೆಯಲ್ಲೇ ಬುದ್ಧಿ ಹೇಳಿ ಬಂದಳು. ಅವರು ಜಗಳಕ್ಕೆ ಬರುತ್ತಾರೆ ಎಂದು ನಾನು ಹೆದರಿದರೆ, ಮಾರನೆಯ ದಿನ ಅವರಲ್ಲೊಬ್ಬಳು ಅಮ್ಮನನ್ನು ಕರೆದೊಯ್ದು ಸ್ಟೂಲು ಹಾಕಿ ಕೂರಿಸಿದಳು. ಸಂಸ್ಕೃತಿಯ ಪಾಠವೆಂದು ಕುಂಚದಲ್ಲಿ ಅಕ್ಷರ ಬರೆಯಲು ಕೂರಿಸಿದಾಗಲೂ ಇದೇ ಕತೆ. ನನಗೆ ಚಿತ್ರ ಬಿಡಿಸಿ ರೂಢಿಯಿದೆ, ಕುಂಚ ಹಿಡಿದಾಗ ಎಷ್ಟೋ ದಿನಗಳ ಮೇಲೆ ಮನಸ್ಸಿಗೆ ನೆಮ್ಮದಿ ಸಿಕ್ಕಿತ್ತು. ಅಷ್ಟರಲ್ಲಿ ಅಮ್ಮ, ಈ ಮಸಿ ಬಟ್ಟೆಗೆ ಬಿದ್ದರೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ ಎಂದು ಎಲ್ಲರ ಮಡಿಲಿಗೂ ಟವೆಲ್ಲು ಹಾಸುತ್ತ ಬಂದು, ನನ್ನ ಮೊಣಕೈಗೆ ತಾಗಿದಳು. ಅಕ್ಷರದ ಕಾಲೊಂದು ಕಾಗದದ ಅಂಚಿನವರೆಗೂ ಓಡಿತು. ನನಗೆ ಅಳುವೇ ಬಂತು.

ಆದರೆ ಒಂದು ಒಪ್ಪಬೇಕು. ಅಮ್ಮ ಕಲಿತಳು. ಬರೆಯಲು ಕೊನೆಯವರೆಗೂ ಬರಲಿಲ್ಲ. ಮಾತು ಮಾತ್ರ ದಿನದಿಂದ ದಿನಕ್ಕೆ ಬಿಡಿಸಿಕೊಂಡಿತು. ಪಠ್ಯಪುಸ್ತಕದ ಧಾಟಿ, ಒಂದೊಂದು ಪದವೂ ಬಿಡಿಬಿಡಿ, ಆದರೂ ಅಂಗಡಿಯವರಿಗೆ ತಿಳಿಯುತ್ತಿತ್ತು. ನನ್ನ ನಾಲಿಗೆ ಹೊರಳದೆ ಒದ್ದಾಡುತ್ತಿದ್ದಾಗ ಅವಳು ರಸ್ತೆ ದಾಟಿಸುವ ಪೊಲೀಸಿನವನ ಹತ್ತಿರ ಅವನ ತಾಯಿಯ ಮಂಡಿನೋವಿನ ವಿಷಯ ಮಾತಾಡುತ್ತ ನಿಂತಿದ್ದಳು. ಹೊಟ್ಟೆ ಉರಿಯದೆ ಇರಲು ನಾನೇನು ಸನ್ಯಾಸಿನಿಯೇ?

ಕಡ್ಡಿಯನ್ನು ದಿನಾ ಪಾಠ ಮುಗಿದ ಮೇಲೆ ಹಿಡಿದು ಕೂರಿಸಿಕೊಂಡು ಅಮ್ಮ ಒಂದು ಮಾತನ್ನು ತಿದ್ದಿ ತೀಡಿ ತಯಾರು ಮಾಡಿಸಿದಳು. ಅದರ ಅರ್ಥ ಹೀಗೆ: ಮಗುವನ್ನು ನನ್ನೊಂದಿಗೆ ಕಳುಹಿಸಿಕೊಡಲು ಒಪ್ಪುವಿರಾ? ಅವಳನ್ನು ಕಣ್ಣಿನಂತೆ ನೋಡಿಕೊಳ್ಳುತ್ತೇನೆ, ಪ್ರತಿವರ್ಷ ನಿಮ್ಮ ಬಳಿಗೆ ಕರೆತರುತ್ತೇನೆ. ಎಲ್ಲಿ ದನಿ ಏರಬೇಕು, ಎಲ್ಲಿ ತಗ್ಗಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲವೂ ಲೆಕ್ಕಾಚಾರ. ಹಲ್ಲುಜ್ಜುವಾಗ ಅದೇ, ಮೆಟ್ಟಿಲಿಳಿಯುವಾಗ ಅದೇ, ಸ್ನಾನದ ಮನೆಯ ಬಾಗಿಲ ಹಿಂದಿನಿಂದ ಅದೇ. ಕೇಳಿ ಕೇಳಿ ನನ್ನ ತಲೆ ಚಿಟ್ಟುಹಿಡಿಯಿತು. ಚೈನೀಸಿನಲ್ಲಿ ತಪ್ಪಿಲ್ಲದೆ ನನಗೆ ಬರುವ ಮಾತು ಇವತ್ತಿಗೂ ಅದೊಂದೇ.

ಒಮ್ಮೆ ತಾಳಲಾರದೆ ಹಾಸ್ಟೆಲಿನ ಹಿಂದಿನ ಬಟ್ಟೆ ಒಣಗಿಸುವ ಜಾಗದಲ್ಲಿ, ಯಾರೂ ಇಲ್ಲದ್ದು ನೋಡಿ ಕನ್ನಡದಲ್ಲೇ ಕೇಳಿದೆ. “ಅಮ್ಮ, ಅವರು ಇಲ್ಲ ಅಂದ್ರೆ?”

“ಯಾಕಂತಾಳೆ? ಐದು ವರ್ಷ ಅವಳು ನೋಡ್ಕೊಂಡಿದ್ದಾಳೆ. ಇನ್ನು ನನ್ನ ಸರದಿ ಅಲ್ವಾ?”

“ಮಗು ಅಂದ್ರೆ ಡ್ಯೂಟಿ ಅಲ್ಲಮ್ಮ, ಶಿಫ್ಟ್ ಬದಲಾಯಿಸ್ಕೊಳ್ಳೋಕೆ.”

“ನಿಂಗೇನೇ ಗೊತ್ತು?” ಎಂದಳು. ಹಾಗೆಂದಮೇಲೆ ಅವಳಿಗೇ ಕಸಿವಿಸಿಯಾಯಿತು. ನನಗೆ ಮಕ್ಕಳಿಲ್ಲ. ಅದನ್ನು ಅವಳು ಎತ್ತಿ ಆಡಿದವಳಲ್ಲ; ಬಾಯಿ ತಪ್ಪಿ ಬಂದಿತ್ತು. ಹಗ್ಗದ ಮೇಲಿದ್ದ ನನ್ನ ಕುಪ್ಪಸವನ್ನು ತೆಗೆದು, ಕೊಡವಿ, ಮಡಿಸಿ ನನ್ನ ಕೈಗಿಟ್ಟು ಒಳಗೆ ಹೋದಳು.

ಕೋರ್ಸು ಮುಗಿದ ದಿನ ಕಡ್ಡಿ ನಮ್ಮನ್ನು ಬಸ್ಸಿನವರೆಗೆ ಕಳಿಸಲು ಬಂದಳು. ಇನ್ನು ಎಲ್ಲಿಗೆ ಪಯಣ ಎಂದು ಕೇಳಿದಳು. ಅಮ್ಮ ಬೀಗಿತ್ತಿಯ ಊರಿನ ಹೆಸರು ಹೇಳಿದಳು. ಕಡ್ಡಿಯ ಮುಖ ಒಂಥರಾ ಆಯಿತು. “ಅಲ್ಲಿಯ ಹಿರಿಯರು…” ಎಂದು ಏನೋ ಹೇಳಹೊರಟಳು. ಅಷ್ಟರಲ್ಲಿ ಅಮ್ಮ ಅವಳ ಕೆನ್ನೆ ಹಿಡಿದು, ಹೊಟ್ಟೆ ತುಂಬ ತಿನ್ನಬೇಕು, ಹೀಗೆ ಒಣಗಿದರೆ ಯಾರು ಮದುವೆಯಾಗುತ್ತಾರೆ ಎಂದು ಅವಳು ಕಲಿಸಿದ ಭಾಷೆಯಲ್ಲೇ ಅವಳಿಗೆ ಉಪದೇಶ ಶುರುಮಾಡಿದಳು. ಬಸ್ಸು ಹೊರಟಿತು.

ಬೀಗಿತ್ತಿಯ ಮನೆ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿತ್ತು. ಮಗಳು ಅಳಿಯ ಇಬ್ಬರೂ ಊರೂರಿಗೆ ಲಿಫ್ಟ್ ಕೂರಿಸುತ್ತ ಹೋಗುತ್ತಾರೆ. ಈಕೆಯ ಕಟ್ಟಡಕ್ಕೆ ಲಿಫ್ಟಿಲ್ಲ. ಅಮ್ಮ ಪ್ರತಿ ತಿರುವಿನಲ್ಲೂ ನಿಂತು ಏದುಸಿರು ಬಿಡುತ್ತ, ಆ ಮಾತನ್ನು ಒಮ್ಮೆ ಗುಣುಗುಣಿಸಿ, ಮತ್ತೆ ಹತ್ತುವಳು. ನಾನು ಎರಡು ಪೆಟ್ಟಿಗೆ ಹೊತ್ತು ಹಿಂದೆ.

ಬಾಗಿಲು ತೆರೆದವಳು ಅಮ್ಮನಿಗಿಂತ ಗಿಡ್ಡ, ಅಮ್ಮನಷ್ಟೇ ಗಟ್ಟಿ. ಕೆಳಗೆ ಬೀದಿಯಲ್ಲಿ ಅವಳದು ಗುಂಡಿ, ಜಿಪ್ಪು, ದಾರ ಮಾರುವ ಪುಟ್ಟ ಅಂಗಡಿ. ಕುತ್ತಿಗೆಗೆ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಅಮ್ಮ ನೆಟ್ಟಗೆ ನಿಂತು, ಗಂಟಲು ಸರಿಮಾಡಿಕೊಂಡು, ಶುದ್ಧ ಚೈನೀಸಿನಲ್ಲಿ, “ಬೀಗಿತ್ತಿಯವರೇ, ಕ್ಷೇಮವೇ? ನಿಮ್ಮನ್ನು ನೋಡಿ ಬಹಳ ಸಂತೋಷವಾಯಿತು. ನಾನು ನಿಮ್ಮ ಭಾಷೆಯನ್ನು ಕಲಿತು ಬಂದಿದ್ದೇನೆ” ಎಂದಳು. ನನಗೇ ರೋಮಾಂಚನವಾಯಿತು.

ಬೀಗಿತ್ತಿ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಒಂದು ಉದ್ದನೆಯ ಮಾತು ಹೇಳಿದಳು. ಅದರಲ್ಲಿ ನಾವು ಇಡೀ ಬೇಸಿಗೆ ಕೇಳಿದ್ದ ಒಂದು ಸದ್ದೂ ಇರಲಿಲ್ಲ. ಅಮ್ಮ ಇನ್ನೂ ನಿಧಾನವಾಗಿ, ಇನ್ನೂ ಜೋರಾಗಿ ಹೇಳಿದಳು. ಬೀಗಿತ್ತಿ ಅದಕ್ಕಿಂತ ಜೋರಾಗಿ ಉತ್ತರ ಕೊಟ್ಟಳು. ಅಮ್ಮ ಲಾಂಡ್ರಿಯ ದನಿ ತೆಗೆದಳು. ಎದುರು ಮನೆಯ ಬಾಗಿಲು ತೆರೆಯಿತು. ಆಗ ಒಳಗಿನಿಂದ ಬಂದು ಅಜ್ಜಿಯ ಸೊಂಟ ಹಿಡಿದು ನಿಂತ ಪುಟ್ಟಿ, ಕಡ್ಡಿಯಷ್ಟೇ ಸ್ಪಷ್ಟವಾದ ಚೈನೀಸಿನಲ್ಲಿ ನಮಗೆ ಹೇಳಿತು: “ಅಜ್ಜಿಗೆ ಸ್ಕೂಲ್ ಭಾಷೆ ಬರಲ್ಲ.”

ನಾನು ಪೆಟ್ಟಿಗೆಗಳನ್ನು ಅಲ್ಲೇ ಇಟ್ಟು ಅವುಗಳ ಮೇಲೆ ಕೂತುಬಿಟ್ಟೆ.

ತಮ್ಮನಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವನು ಹೇಳಿದ್ದು ಕೇಳಿ: “ಹೌದಾ? ಅದು ಬೇರೆ ಭಾಷೇನಾ? ಅವರು ಮಾತಾಡಿದ್ದು ನಂಗೆ ಒಂದ್ ದಿನಾನೂ ಅರ್ಥ ಆಗಿಲ್ಲ ಕಣಕ್ಕ. ನನ್ನ ಚೈನೀಸೇ ಸರಿ ಇಲ್ಲ ಅಂದ್ಕೊಂಡು ತಲೆ ಆಡಿಸ್ತಿದ್ದೆ.” ಮದುವೆಯಾದಾಗಿನಿಂದ ತಲೆ ಆಡಿಸುತ್ತಲೇ ಬಂದಿದ್ದಾನೆ ಮಹಾನುಭಾವ! ಅವನ ಹೆಂಡತಿ ಫೋನು ಕಸಿದುಕೊಂಡು ಇಂಗ್ಲಿಷಿನಲ್ಲಿ ಕೇಳಿದಳು. “ನನ್ನ ಅಮ್ಮನ ಜೊತೆ ಮಾತಾಡಬೇಕು ಎಂದು ನನಗೇಕೆ ಹೇಳಲಿಲ್ಲ? ನಮ್ಮ ಕಡೆ ವಯಸ್ಸಾದವರು ಮನೆಯಲ್ಲಿ ಆಡುವುದು ಊರಿನ ಮಾತು. ನೀವು ಕಲಿತದ್ದು ಶಾಲೆಯದು, ಟೀವಿಯದು. ನನ್ನ ಅಮ್ಮ ಶಾಲೆಗೆ ಹೋದವಳೇ ಅಲ್ಲ. ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದೆನಲ್ಲ!”

ನಾನು ಮೆಲ್ಲನೆ, ಅಮ್ಮ ಯಾತಕ್ಕೆ ಬಂದಿದ್ದಾಳೆ ಎಂಬುದನ್ನು ಹೇಳಿದೆ. ಅದಕ್ಕೆ ಅವಳೆಂದಳು: “ಅಕ್ಕ, ಅತ್ತೆ ಹೇಳಿದ ದಿನವೇ ನಾನು ಅಮ್ಮನಿಗೆ ಹೇಳಿದ್ದೆ. ಅಮ್ಮ ಏನೂ ಹೇಳಲಿಲ್ಲ, ಫೋನು ಇಟ್ಟುಬಿಟ್ಟಳು. ಅತ್ತೆಗೆ ಅದನ್ನು ಹೇಗೆ ಹೇಳಲಿ?” ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಒಪ್ಪಿಸಿದೆ. ಸೊಸೆ ಮುಟ್ಟಿಸಿರಲಿಲ್ಲ ಎಂಬುದರ ಮೇಲೆ ತಾನೆ ಈ ಬೇಸಿಗೆಯೆಲ್ಲ ನಿಂತದ್ದು? ಅಮ್ಮ ಕೇಳಿಸಿಕೊಂಡು, “ಇರ್ಲಿ. ಅವಳು ಕೇಳಿದ್ದು ಬೇರೆ, ನಾನು ಕೇಳೋದು ಬೇರೆ” ಎಂದಳು. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ.

ಆ ಮನೆಯಲ್ಲಿ ಇದ್ದ ಅಷ್ಟೂ ದಿನ ಇಬ್ಬರು ಅಜ್ಜಿಯರ ನಡುವೆ ಪುಟ್ಟಿಯೇ ದುಭಾಷಿ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಲ್ಲುವುದು. ಈ ಅಜ್ಜಿ ಹೇಳಿದ್ದನ್ನು ಆ ಅಜ್ಜಿಗೆ, ಆ ಅಜ್ಜಿ ಹೇಳಿದ್ದನ್ನು ಈ ಅಜ್ಜಿಗೆ ದಾಟಿಸುವುದು. ಮಧ್ಯೆ ತನಗೆ ಬೇಕಾದ್ದನ್ನೂ ಸೇರಿಸುವುದು. “ಅಜ್ಜಿ ಹೇಳ್ತಿದ್ದಾಳೆ, ಕಾಲು ನೋವಿದ್ರೆ ಬಿಸಿನೀರಲ್ಲಿ ಇಡು ಅಂತ. ಆಮೇಲೆ ನಂಗೆ ಐಸ್‌ಕ್ರೀಮ್ ಕೊಡಿಸು ಅಂತ.” ಅಮ್ಮ ತಪ್ಪು ಉಚ್ಚರಿಸಿದರೆ ನಿಲ್ಲಿಸಿ ತಿದ್ದುತ್ತಿತ್ತು. ಯಾರಿಂದಲೂ ತಿದ್ದಿಸಿಕೊಳ್ಳದ ನಮ್ಮಮ್ಮ ಕೈಕಟ್ಟಿ ಕೂತು ತಿದ್ದಿಸಿಕೊಂಡಳು. ಎರಡನೆಯ ದಿನ ಪುಟ್ಟಿ ತಾನಾಗಿಯೇ ಬಂದು ಅವಳ ತೊಡೆಯ ಮೇಲೆ ಕೂತಿತು. ಅಮ್ಮ ಅಲುಗಾಡದೆ ಕೂತಳು. ಕಾಲು ಜೋಮು ಹಿಡಿದಿದೆ ಎಂದು ನನಗೆ ಕಣ್ಣಲ್ಲೇ ತಿಳಿಸಿದಳು, ಎಬ್ಬಿಸಲು ಮಾತ್ರ ಬಿಡಲಿಲ್ಲ.

ಬೀಗಿತ್ತಿಯಲ್ಲಿ ಒಂದು ಕುಂದು ಹುಡುಕಲಿಲ್ಲವೆಂದರೆ ಅಮ್ಮನ ಹೆಸರು ಕೆಡುತ್ತದೆ. ಹುಡುಕಿದಳು. ಮಗುವಿನ ಕಾಲುಚೀಲ, ಫ್ರಾಕಿನ ಕಾಲರು, ದಿಂಬಿನ ಚೀಲ, ಎಲ್ಲವನ್ನೂ ತಿರುಗಿಸಿ ನೋಡಿದಳು. ಸಿಕ್ಕಲಿಲ್ಲ. ಒಳಗಿನ ಹೊಲಿಗೆಯ ಅಂಚು ಮಗುವಿನ ಮೈಗೆ ಚುಚ್ಚಬಾರದೆಂದು ಬೀಗಿತ್ತಿ ಪ್ರತಿ ಬಟ್ಟೆಗೂ ಒಳಗಡೆ ಮೆತ್ತನೆಯ ಪಟ್ಟಿ ಹೊಲಿದಿದ್ದಳು. ಅಮ್ಮ ಅದರ ಮೇಲೆ ಬೆರಳಾಡಿಸಿ, ಬಟ್ಟೆಯನ್ನು ಇದ್ದಂತೆಯೇ ಮಡಿಸಿಟ್ಟಳು. ನನಗೆ ಅಷ್ಟು ಹೊತ್ತಿಗೆ ನಡೆದದ್ದರ ಮೇಲೆಲ್ಲ ಸಿಟ್ಟಿತ್ತು. ಕೇಳುವುದಿದ್ದರೆ ಕೇಳಿ ಮುಗಿಸಬಾರದೇ? ನಾಳೆ ಹೊರಡಬೇಕು.

ಹೊರಡುವ ದಿನ ಬೆಳಿಗ್ಗೆ ನಾಲ್ವರೂ ಮೇಜಿನ ಸುತ್ತ ಕೂತಿದ್ದೆವು. ಬೀಗಿತ್ತಿ ಬಟ್ಟಲು ಪಕ್ಕಕ್ಕೆ ಸರಿಸಿ, ಅಮ್ಮನನ್ನೇ ನೋಡುತ್ತ ಏನೋ ಕೇಳಿದಳು. ಪುಟ್ಟಿ ಬಾಯಲ್ಲಿದ್ದದ್ದನ್ನು ನುಂಗಿ, ಎದ್ದು ನಿಂತು, ಕೈ ಸೊಂಟಕ್ಕೆ ಕೊಟ್ಟುಕೊಂಡು ದಾಟಿಸಿತು. “ಅಜ್ಜಿ ಕೇಳ್ತಿದ್ದಾಳೆ, ಈ ವಯಸ್ಸಲ್ಲಿ ಇಷ್ಟು ಕಷ್ಟಪಟ್ಟು ಭಾಷೆ ಕಲ್ತು ಬಂದ್ಯಲ್ಲ, ನನ್ನನ್ನ ಏನು ಕೇಳ್ಬೇಕು ಅಂತ ಬಂದೆ?”

ಹಲ್ಲುಜ್ಜುವಾಗ, ಮೆಟ್ಟಿಲು ಹತ್ತುವಾಗ ಆಡಿ ಆಡಿ ನಯವಾದ ಆ ಮಾತು ಅಮ್ಮನ ನಾಲಿಗೆಯ ತುದಿಯಲ್ಲಿತ್ತು. ಉಸಿರು ಎಳೆದುಕೊಂಡಳು. ಬಾಯಿಯೂ ತೆರೆದಳು. ಪುಟ್ಟಿ ಇಬ್ಬರ ಮಧ್ಯೆ ನಿಂತು, ಕತ್ತೆತ್ತಿ, ಈ ಅಜ್ಜಿ ಏನು ಹೇಳುತ್ತಾಳೆ, ಅದನ್ನು ಯಾವಾಗ ಆ ಅಜ್ಜಿಗೆ ಹೇಳಲಿ ಎಂದು ಕಾಯುತ್ತಿತ್ತು. ಅಮ್ಮ ಆಡಿದ್ದನ್ನು ಮೊದಲು ತಿಳಿದುಕೊಳ್ಳುವವಳು ಅದೇ ಮಗು. ನನ್ನನ್ನು ಕಳಿಸಿಕೊಡು ಎಂದು ತನ್ನ ಅಜ್ಜಿಗೆ ತನ್ನ ಬಾಯಿಯಿಂದಲೇ ಹೇಳಬೇಕಾದವಳೂ ಅದೇ ಮಗು. ಮೇಜಿನ ಕೆಳಗೆ ಬೀಗಿತ್ತಿಯ ಕೈ ಪುಟ್ಟಿಯ ಫ್ರಾಕಿನ ಅಂಚನ್ನು ಹಿಡಿದುಕೊಂಡದ್ದು ನನಗೆ ಕಾಣುತ್ತಿತ್ತು.

ಅಮ್ಮ ಪುಟ್ಟಿಯ ಮುಖ ನೋಡಿದಳು. ಆಮೇಲೆ, ಯಾರೂ ಹೇಳಿಕೊಡದ ಚೈನೀಸಿನಲ್ಲಿ, ತಡವರಿಸುತ್ತ, “ಕೇಳಲು ಬಂದಿಲ್ಲ. ನೋಡಲು ಬಂದೆ” ಎಂದಳು.

ಪುಟ್ಟಿ ದಾಟಿಸಿತು. ಬೀಗಿತ್ತಿ ನಂಬಲಿಲ್ಲ. ಮತ್ತೇನೋ ಅಂದಳು. “ಅಜ್ಜಿ ಕೇಳ್ತಿದ್ದಾಳೆ, ನಿಜವಾಗ್ಲೂ?”

“ಒಂದ್ಸಲ ಹೇಳಿದ್ರೆ ಸಾಲ್ದಾ? ಎಷ್ಟು ಸಲ ಹೇಳಿಸ್ತಾಳೆ ಇವ್ಳು!” ಎಂದು ಅಮ್ಮ ಅಪ್ಪಟ ಕನ್ನಡದಲ್ಲಿ ರೇಗಿದಳು. ಅದನ್ನು ಯಾರೂ ದಾಟಿಸಬೇಕಾಗಲಿಲ್ಲ. ಬೀಗಿತ್ತಿಯ ಕೈ ಫ್ರಾಕನ್ನು ಬಿಟ್ಟಿತು. ಅವಳು ಎದ್ದು ಒಲೆಯ ಕಡೆ ತಿರುಗಿ ನಿಂತು ಬಹಳ ಹೊತ್ತು ಏನನ್ನೋ ಕಲಕುತ್ತಿದ್ದಳು.

ಬಸ್ಸಿನಲ್ಲಿ ಕೂತ ಮೇಲೆ ನನ್ನ ಸಹನೆಯ ಕಟ್ಟೆಯೊಡೆಯಿತು. ಒಂದು ಇಡೀ ಬೇಸಿಗೆ ನನ್ನನ್ನು ಗೋಳು ಹೊಯ್ದುಕೊಂಡದ್ದು, ಊಟದ ಹಾಲಿನಲ್ಲಿ ನಿಲ್ಲಿಸಿ ಮಾನ ಕಳೆದದ್ದು, ಪೆಟ್ಟಿಗೆ ಹೊರಿಸಿದ್ದು, ಎಲ್ಲ ಯಾತಕ್ಕೆ? “ಕೇಳೋದೇ ಇಲ್ಲ ಅನ್ನೋ ಹಾಗಿದ್ರೆ ಯಾಕಮ್ಮ ಬೇಕಿತ್ತು ಇದೆಲ್ಲ?” ಎಂದು ಕೂಗಿಯೇಬಿಟ್ಟೆ. ಪ್ರಮಾಣದ ಹಂಗು ಈಗಿರಲಿಲ್ಲ. ಹೊಟ್ಟೆ ತುಂಬ ಕನ್ನಡದಲ್ಲಿ ಕೂಗಿದೆ.

ಅಮ್ಮ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು. ನಾನು ಬೇರೆ ಕಡೆ ಮುಖ ತಿರುಗಿಸಿದೆ. ಊರು ದಾಟಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಾವು ಯಾಕೆ ಬರ್ತಿದ್ದೀವಿ ಅಂತ ಅವಳಿಗೆ ಮೊದ್ಲೇ ಗೊತ್ತಿತ್ತಲ್ವೇನೇ?” ಎಂದಳು.

“ಹ್ಞೂಂ. ಗೊತ್ತಿರ್ಲೇಬೇಕು.”

“ಗೊತ್ತಿದ್ದೂ ಹಾಸಿಗೆ ಹಾಸಿ ಮಲಗಿಸಿದ್ಲು. ಕಾಲಿಗೆ ಬಿಸಿನೀರು ತಂದಿಟ್ಲು.” ಸೆರಗಿನ ತುದಿಯನ್ನು ಮಡಿಲಲ್ಲಿ ಮಡಿಸುತ್ತ ಮತ್ತೆ ಹೇಳಿದಳು. “ನಾನಾಗಿದ್ರೆ ಬಾಗಿಲೇ ತೆಗೀತಿರ್ಲಿಲ್ಲ.”